ನಂಬೋ ಹಾಗಿಲ್ಲದ ನಾಯಕಿ

ನಮ್ಮ ಮಲಗುವ ಕೋಣೆಯ ಮಂಚದ ಕೆಳಗೆ 261 ಪುಸ್ತಕಗಳಿವೆ. ಎಲ್ಲವೂ ಒಂದೇ ಪುಸ್ತಕ. ಹೆಸರು ‘ಅರಮನೆಯ ದೀಪ ಹತ್ತುವಾಗ’. ಪತ್ತೇದಾರಿ ಕಾದಂಬರಿ, 312 ಪುಟ. ಬರೆದವನು ನಾನು, ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದವನು ನಾನು, ಶುಕ್ರವಾರ ಶುಕ್ರವಾರ ಮನೆ ಒರೆಸುವಾಗ ಕಟ್ಟುಗಳನ್ನು ಈಚೆಗೆಳೆದು ಮತ್ತೆ ಒಳಗೆ ತಳ್ಳುವವನೂ ನಾನೇ.

ಹಾಕಿಸಿದ್ದು 300 ಪ್ರತಿ. ಬ್ಯಾಂಕಿನ ತಪಾಸಣಾ ವಿಭಾಗದಲ್ಲಿ 34 ವರ್ಷ ಮಂದಿಯ ಲೆಕ್ಕ ನೋಡಿದವನು ನಾನು, ನನ್ನ ಲೆಕ್ಕ ಕೊಡದಿದ್ದರೆ ತಪ್ಪಾಗುತ್ತದೆ. ಗೌರವ ಪ್ರತಿ 31. ಮದುವೆ, ಗೃಹಪ್ರವೇಶಗಳಿಗೆ ಉಡುಗೊರೆ 7. ಮಾರಾಟ 1. ಆ ಒಂದನ್ನು ಕೊಂಡವನೂ ನಾನೇ. ಅಂಗಡಿಯಲ್ಲಿ ನನ್ನ ಪುಸ್ತಕ ಎದ್ದು ಕಾಣುವ ಹಾಗೆ ಇಟ್ಟಿದ್ದಾರೋ ಇಲ್ಲವೋ ನೋಡಲು ಹೋಗಿದ್ದೆ. ಕೈಯಲ್ಲಿ ಹಿಡಿದು ಹತ್ತು ನಿಮಿಷ ನಿಂತಿದ್ದಕ್ಕೆ ಅಂಗಡಿಯವರು ‘ಬಿಲ್ ಹಾಕ್ಲಾ ಸರ್?’ ಅಂದರು. ಮರ್ಯಾದೆಯ ಪ್ರಶ್ನೆ, ಹಾಕಿ ಅಂದೆ.

ಪತ್ತೇದಾರಿ ಕಾದಂಬರಿಯೇ ಯಾಕೆ ಅಂತ ಕೇಳಬಹುದು. ನಾಲ್ಕನೇ ತರಗತಿಯವರೆಗೆ ಓದಿದ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದು, ಪಠ್ಯಪುಸ್ತಕದ ಒಳಗೆ ಇನ್ನೊಂದು ಪುಸ್ತಕ ಇಟ್ಟುಕೊಂಡು ಓದುವ ವಿದ್ಯೆಯನ್ನು ನಮ್ಮ ತಲೆಮಾರಿಗೆ ಕಲಿಸಿಕೊಟ್ಟರು. ಎಂ.ಕಾಂ. ಮಾಡಿದ ನಾನು ಒಂದನ್ನಾದರೂ ಬರೆಯದೆ ಹೋದರೆ ಹೇಗೆ? ಜೊತೆಗೆ ನನ್ನಲ್ಲಿ ಒಂದು ಅಹಂಕಾರವಿತ್ತು. ನಮ್ಮ ಹಳೆಯ ಪತ್ತೇದಾರರೆಲ್ಲ ಸಿಗರೇಟು ಹಚ್ಚಿ, ಟೋಪಿ ಹಾಕಿಕೊಂಡು, ಕಾರು ಹತ್ತಿ ಹೋಗಿಬಿಡುತ್ತಿದ್ದರು. ಪೆಟ್ರೋಲಿಗೆ ದುಡ್ಡು ಎಲ್ಲಿಂದ ಬಂತು ಎಂದು ಯಾರೂ ಬರೆಯುತ್ತಿರಲಿಲ್ಲ. ನನ್ನ ಕಾದಂಬರಿಯಲ್ಲಿ ಒಂದೊಂದು ಸಂಗತಿಗೂ ವೋಚರ್ ಇರಬೇಕು ಅಂತ ಹಟ ಹಿಡಿದೆ.

ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದಾಕೆ. ಯಾವ ಸೀಸೆಯಲ್ಲಿ ಏನಿದೆ, ಯಾವುದರ ಜೊತೆ ಯಾವುದನ್ನು ಬೆರೆಸಬಾರದು ಎಂಬುದನ್ನೆಲ್ಲ ಅಲ್ಲೇ ಕಲಿತು ‘ದ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ ಬರೆದಳು. 1920ರಲ್ಲಿ ಬಂದ ಆ ಮೊದಲ ಕಾದಂಬರಿಯನ್ನು ಔಷಧ ತಯಾರಕರ ಪತ್ರಿಕೆಯೊಂದು, ವಿಷದ ವಿಷಯ ಸರಿಯಾಗಿ ಗೊತ್ತಿರುವವರು ಬರೆದದ್ದು ಎಂದು ಹೊಗಳಿತ್ತು. ಅಂಥದೊಂದು ಹೊಗಳಿಕೆ ನನಗೂ ಬೇಕಿತ್ತು. ಔಷಧದವರಿಂದ ಆಗದಿದ್ದರೆ ಕೊನೆಗೆ ಲೆಕ್ಕಪರಿಶೋಧಕರ ಪತ್ರಿಕೆಯಿಂದಾದರೂ.

ಹಾಗಾಗಿ ಎರಡು ವರ್ಷ ಸಂಶೋಧನೆ ಮಾಡಿದೆ. ಕೊಲೆ ನಡೆಯುವುದು ಭಾನುವಾರ ಸಂಜೆ ಏಳು ಗಂಟೆಗೆ, ಮೈಸೂರು ಅರಮನೆಯ ಸುಮಾರು 97,000 ಬಲ್ಬುಗಳು ಒಮ್ಮೆಗೇ ಹೊತ್ತಿಕೊಳ್ಳುವ ಗಳಿಗೆಯಲ್ಲಿ. ಆ ಗಳಿಗೆ ಎಷ್ಟು ಸೆಕೆಂಡಿನದು, ಜನ ‘ಹೋ’ ಎನ್ನುವುದು ದೀಪ ಹತ್ತಿದ ಕೂಡಲೆಯೋ ತಡೆದೋ ಎಂದು ತಿಳಿಯಲು ಐದು ಭಾನುವಾರ ಸ್ಟಾಪ್‌ವಾಚು, ನೋಟ್‌ಬುಕ್ಕು ಹಿಡಿದು ನಿಂತೆ. ಸುತ್ತಲಿದ್ದವರೆಲ್ಲ ಅರಮನೆ ನೋಡುತ್ತಿದ್ದರು, ನಾನೊಬ್ಬ ಅರಮನೆಗೆ ಬೆನ್ನು ಹಾಕಿ ಜನರನ್ನು ನೋಡುತ್ತಿದ್ದೆ. ಐದನೇ ವಾರ ಕಾವಲಿನವರೊಬ್ಬರು ಹತ್ತಿರ ಬಂದು ‘ಏನ್ ಸ್ವಾಮಿ, ಯಾರನ್ನ ಕಾಯ್ತಿದೀರ?’ ಎಂದು ಕೇಳಿದರು. ‘ಕೊಲೆಗಾರನನ್ನ’ ಎಂಬ ಉತ್ತರ ನಾಲಿಗೆಯ ತುದಿಯವರೆಗೆ ಬಂದಿತ್ತು. ‘ಹೆಂಡತಿಯನ್ನ’ ಅಂದೆ. ಆಕೆ ಮನೆಯಲ್ಲಿ ಹಪ್ಪಳ ಒತ್ತುತ್ತಿದ್ದಳು.

ಚಾಮುಂಡಿ ಬೆಟ್ಟದ ಮೆಟ್ಟಿಲು ಸಾವಿರದ ಚಿಲ್ಲರೆ ಎಂದು ಎಲ್ಲರೂ ಹೇಳುತ್ತಾರೆ. ಚಿಲ್ಲರೆ ಎಂದರೆ ಎಷ್ಟು? ನಮ್ಮ ಇಲಾಖೆಯಲ್ಲಿ ಚಿಲ್ಲರೆ ಎಂದು ಬರೆದರೆ ಕೆಲಸ ಹೋಗುತ್ತದೆ. ಎರಡು ಸಲ ಎಣಿಸಿಕೊಂಡು ಹತ್ತಿದೆ, ಎರಡು ಸಲವೂ ಬೇರೆ ಬೇರೆ ಲೆಕ್ಕ ಬಂತು. ಮೂರನೇ ಸಲ ನಂದಿಯ ಹತ್ತಿರವೇ ಕೂತುಬಿಟ್ಟೆ, ಆಟೋದಲ್ಲಿ ಇಳಿದು ಬಂದೆ. ವಿಷಕ್ಕೆಂದು ಜೇಮ್ಸ್ ಮಾರ್ಷ್ 1836ರಲ್ಲಿ ಪ್ರಕಟಿಸಿದ ಪಾಷಾಣದ ಪರೀಕ್ಷೆಯನ್ನು ಓದಿ ಹನ್ನೊಂದು ಪುಟ ಬರೆದೆ. ಆಮೇಲೆ ಕತೆಯ ಯಜಮಾನರು ಸತ್ತದ್ದು ಪಾಷಾಣದಿಂದ ಅಲ್ಲ, ಹಿತ್ತಾಳೆ ನಂದಿಯಿಂದ ತಲೆಗೆ ಬಿದ್ದ ಏಟಿನಿಂದ ಎಂದು ತೀರ್ಮಾನವಾಯಿತು. ಬರೆದದ್ದನ್ನು ತೆಗೆಯಲು ಮನಸ್ಸು ಬರಲಿಲ್ಲ. ವಕೀಲನೊಬ್ಬ ಯಜಮಾನರಿಗೆ ಪಾಷಾಣವನ್ನೂ ಹಾಕುತ್ತಿದ್ದ ಎಂದು ಸೇರಿಸಿದೆ. ಆ ಒಂದು ವಾಕ್ಯದ ದೆಸೆಯಿಂದ ವಕೀಲನೇ ಕೊಲೆಗಾರನಾಗಬೇಕಾಯಿತು.

ಇಷ್ಟೆಲ್ಲ ಓಡಾಡಿ ಬಂದವನು ಮನೆಯೊಳಗೆ ಮಾತ್ರ ಏನನ್ನೂ ಕೇಳಲಿಲ್ಲ. ಕೇಳುವುದಕ್ಕೇನಿದೆ? ನಾಯಕಿ ಹೆಣ್ಣು, ನಮ್ಮ ಮನೆಯಲ್ಲಿ ಮೂವರು ಹೆಣ್ಣುಮಕ್ಕಳಿದ್ದಾರೆ, ದಿನಾ ನೋಡುತ್ತಲೇ ಇದ್ದೇನೆ ಅಂದುಕೊಂಡಿದ್ದೆ.

ನಾಯಕಿಯ ಹೆಸರು ಮೃಣಾಲಿನಿ. ವಯಸ್ಸು 28. ವಿಧಿವಿಜ್ಞಾನದಲ್ಲಿ ಡಾಕ್ಟರೇಟ್, ಭರತನಾಟ್ಯ, ಕರಾಟೆ, ವೀಣೆ. ಸತ್ತವರು ಅವಳ ಸೋದರಮಾವ. ಅಗ್ರಹಾರದಲ್ಲಿ ಅವರದೊಂದು ತೊಟ್ಟಿಮನೆ, ಮನೆಯಲ್ಲಿ ಮಾವ ಮತ್ತು ಸೊಸೆ ಇಬ್ಬರೇ. ಒಬ್ಬ ಸುಂದರಾಂಗ ಸಬ್ ಇನ್‌ಸ್ಪೆಕ್ಟರ್. ಇಷ್ಟಿದ್ದರೆ ಸಾಕಲ್ಲ?

ಪುಸ್ತಕ ಬಂದ ಮೇಲೆ ಅಭಿಪ್ರಾಯಗಳು ಬರತೊಡಗಿದವು. ಎಲ್ಲರ ಬಾಯಲ್ಲೂ ಒಂದೇ ರಾಗ. ನಮ್ಮ ಷಡ್ಡಕರು ಫೋನ್ ಮಾಡಿ, ‘ಏನ್ರೀ, ಮಾಹಿತಿ ಅಂದ್ರೆ ಮಾಹಿತಿ! ಹೋದ ವಾರ ನಾಗಪುರದಿಂದ ನೆಂಟರು ಬಂದಿದ್ರು, ನಿಮ್ಮ ಪುಸ್ತಕ ಕೈಗೆ ಕೊಟ್ಟು ಊರು ನೋಡ್ಕೊಂಡು ಬನ್ನಿ ಅಂದೆ. ಒಂದು ಕಡೇನೂ ದಾರಿ ತಪ್ಪಲಿಲ್ಲ ನೋಡಿ’ ಅಂದರು. ಕೊಲೆಗಾರ ಯಾರು ಅಂತ ಮೊದಲೇ ಗೊತ್ತಾಯಿತೇ ಎಂದು ಕೇಳಿದೆ. ‘ಕೊಲೆ ಇದೆಯಾ ಅದರಲ್ಲಿ?’ ಅಂದರು. ಹಳೆಯ ಸಹೋದ್ಯೋಗಿಯೊಬ್ಬರು ಪುಟ 88ರಲ್ಲಿ ಬಡ್ಡಿ ಲೆಕ್ಕ ಸರಿಯಾಗಿದೆ ಎಂದು ದೃಢೀಕರಿಸಿ ಪತ್ರ ಬರೆದರು. ಕೊನೆಗೆ ಒಂದು ಸಾಲು: ‘ಆ ಹುಡುಗಿ ಮಾತ್ರ ಯಾಕೋ ನಂಬೋ ಹಾಗಿಲ್ಲ.’ ನಾದಿನಿ ಹೇಳಿದ್ದೂ ಅದೇ. ‘ಭಾವ, ಎಲ್ಲಾ ಚೆನ್ನಾಗಿದೆ. ಅವಳನ್ನ ಮಾತ್ರ ನಂಬಕ್ಕಾಗಲ್ಲ.’

ಹೊರಗಿನವರು ಒಂದು ಸಾಲಿನಲ್ಲಿ ಬಿಟ್ಟರು. ಮನೆಯವರು ಬಿಡಲಿಲ್ಲ.

ಹೆಂಡತಿ ಓದಲು ತೆಗೆದುಕೊಂಡದ್ದು ನಾಲ್ಕು ದಿನ. ಐದನೆಯ ದಿನ ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, ‘ರೀ, ಇಲ್ಲಿ ಬನ್ನಿ’ ಅಂದಳು. ಆ ದನಿ ನನಗೆ ಚೆನ್ನಾಗಿ ಗೊತ್ತು. ಹಾಲಿನ ಲೆಕ್ಕ ತಪ್ಪಿದಾಗಲೂ ಅದೇ ದನಿ.

‘ಹತ್ತೊಂಬತ್ತನೇ ಅಧ್ಯಾಯದಲ್ಲಿ ಬೆಟ್ಟದ ಮೇಲೆ ಇನ್‌ಸ್ಪೆಕ್ಟರಿಗೆ ಏಟು ಬೀಳತ್ತೆ.’

‘ಹೂಂ.’

‘ಇವಳು ಉಟ್ಟಿದ್ದ ಮೈಸೂರು ಸಿಲ್ಕ್ ಸೀರೆ ಸೆರಗನ್ನ ಪರ್‌ರ್ ಅಂತ ಹರಿದು ಅವನಿಗೆ ಪಟ್ಟಿ ಕಟ್ತಾಳೆ.’

‘ಹೂಂ. ರೋಮಾಂಚಕಾರಿ ಸನ್ನಿವೇಶ ಅದು.’

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ‘ಆ ಸೀರೆ ಎಷ್ಟಾಗತ್ತೆ ಗೊತ್ತೇನ್ರೀ ನಿಮಗೆ?’

ಗೊತ್ತಿತ್ತು. ಗೊತ್ತಿಲ್ಲದೆ ಏನು? 1912ರಲ್ಲಿ ಮಹಾರಾಜರ ಕಾಲದಲ್ಲಿ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾದದ್ದರಿಂದ ಹಿಡಿದು, ಜರಿಯಲ್ಲಿ ಚಿನ್ನ ಬೆಳ್ಳಿ ಇರುವುದು, ಒಂದೊಂದು ಸೀರೆಗೂ ಅದರದೇ ಸಂಖ್ಯೆ ಇರುವುದು, ಎಲ್ಲ ಬರೆದಿದ್ದೆ. ನನ್ನ ವಕೀಲ ಸಿಕ್ಕಿಬೀಳುವುದೇ ಸೀರೆಯ ಸಂಖ್ಯೆಯ ಒಂದು ಸುಳಿವಿನಿಂದ.

‘ನಂಬರು ಎಲ್ಲಿರತ್ತೆ ಅನ್ನೋದು ಗೊತ್ತು, ಅದನ್ನ ಹರಿಯಬಾರದು ಅನ್ನೋದು ಗೊತ್ತಿಲ್ಲ’ ಅಂದಳು. ‘ನಮ್ಮ ಇಪ್ಪತ್ತೈದನೇ ವರ್ಷಕ್ಕೆ ತೆಗೆದಿದ್ದು ಇನ್ನೂ ಮಸ್ಲಿನ್ ಬಟ್ಟೇಲಿ ಸುತ್ತಿಟ್ಟಿದೀನಿ. ನಿಮಗೇ ಏಟು ಬಿದ್ದರೂ ಅದನ್ನ ಹರಿಯಲ್ಲ, ತಿಳ್ಕೊಳ್ಳಿ. ಅವನ ಜೇಬಲ್ಲಿ ಕರ್ಚೀಫ್ ಇರಲಿಲ್ವಾ? ಅವನ ಷರಟು ಇರಲಿಲ್ವಾ?’

ವಿಧಿವಿಜ್ಞಾನದ ಡಾಕ್ಟರೇಟ್ ಇರುವ ಹುಡುಗಿಗೆ ಹೊಳೆಯದ್ದು ಇದು. ನಾನು ತಲೆ ಕೆರೆದುಕೊಂಡೆ.

‘ಇನ್ನೂ ಇದೆ. ಮೊದಲನೇ ಅಧ್ಯಾಯದಲ್ಲೂ ಕಡು ನೇರಳೆ ಸೀರೆ, ಇಲ್ಲೂ ಕಡು ನೇರಳೆ ಸೀರೆ. ಮಧ್ಯೆ ಮೂರು ದಿನ ಆಗಿದೆ. ಸ್ನಾನ ಇಲ್ವಾ ಅವಳಿಗೆ?’

ನಿಜ ಹೇಳಬೇಕೆಂದರೆ, ಸೀರೆಯ ಬಣ್ಣಗಳಲ್ಲಿ ನನಗೆ ಬರೆಯಲು ಬರುವುದು ಅದೊಂದೇ. ಉಳಿದವನ್ನು ನಮ್ಮ ಮನೆಯಲ್ಲಿ ಆನಂದ, ಗಿಣಿ ಹಸಿರು, ಎಲೆ ಹಸಿರು, ಪಾಚಿ ಹಸಿರು, ಈರುಳ್ಳಿ ಸಿಪ್ಪೆ ಬಣ್ಣ ಎನ್ನುತ್ತಾರೆ. ನನಗೆ ಅವೆಲ್ಲ ‘ಚೆನ್ನಾಗಿದೆ’ ಎಂಬ ಒಂದೇ ಬಣ್ಣ.

ವಾರದ ಕೊನೆಗೆ ಬೆಂಗಳೂರಿನಿಂದ ಮಗಳು ಬಂದಳು. ಅವಳು ಪೆನ್ಸಿಲ್ ಹಿಡಿದು ಓದಿದ್ದಳು. ತಪಾಸಣೆ ರಕ್ತದಲ್ಲೇ ಬಂದದ್ದು.

‘ಅಪ್ಪಾ, ಇವಳು ಕೆಳತುಟಿ ಕಚ್ಚಿಕೊಳ್ಳೋದು ಒಟ್ಟು ಹದಿನಾಲ್ಕು ಸಲ. ಗಾಯ ಆಗಿರತ್ತೆ. ಕನ್ನಡಿ ಮುಂದೆ ನಿಂತು ತನ್ನ ಕಣ್ಣು ಕಮಲದ ಹಾಗಿದೆ ಅಂದ್ಕೊಳ್ಳೋದು ಮೂರು ಸಲ. ನಾವು ಯಾರೂ ಕನ್ನಡಿ ನೋಡಿ ಹಾಗಂದ್ಕೊಳ್ಳಲ್ಲ. ಮೊಡವೆ ನೋಡ್ಕೋತೀವಿ ಅಷ್ಟೆ. ಮುನ್ನೂರ ಹನ್ನೆರಡು ಪುಟದಲ್ಲಿ ಒಂದು ಸಲಾನೂ ಹಸಿವಾಗಿಲ್ಲ ಅವಳಿಗೆ. ಒಬ್ಬಳೂ ಫ್ರೆಂಡ್ ಇಲ್ಲ. ಮೂರು ದಿನ ಮನೇಲಿ ಕೊಲೆ, ಪೊಲೀಸು, ಇಷ್ಟೆಲ್ಲ ಆದರೂ ಅವಳ ಅಮ್ಮ ಒಂದು ಫೋನ್ ಮಾಡಿಲ್ಲ.’

‘ಅವಳ ತಾಯಿ ತೀರಿಕೊಂಡಿದ್ದಾರೆ’ ಅಂದೆ.

‘ಹೇಗೆ?’

‘ಹೇಗೆ ಅಂದ್ರೆ... ಕತೆಗೆ ಅಡ್ಡ ಬರ್ತಾರೆ ಅಂತ.’

‘ಹಾಗಾದ್ರೆ ಈ ಪುಸ್ತಕದಲ್ಲಿ ಮೊದಲನೇ ಕೊಲೆ ಮಾಡಿದ್ದು ನೀನೇ’ ಅಂದಳು ಮಗಳು.

ಇಂಥ ಸಮಯಕ್ಕೆಂದೇ ಒಂದು ಅಸ್ತ್ರ ಇಟ್ಟುಕೊಂಡಿದ್ದೆ, ಪ್ರಯೋಗಿಸಿದೆ. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್‌ಗಿಂತ ದೊಡ್ಡವರುಂಟೇ? 1887ರ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ನಲ್ಲಿ ಡಾಕ್ಟರ್ ವಾಟ್ಸನ್‌ಗೆ ಗುಂಡು ಬಿದ್ದದ್ದು ಭುಜಕ್ಕೆ. 1890ರ ‘ದ ಸೈನ್ ಆಫ್ ಫೋರ್’ ಹೊತ್ತಿಗೆ ಗಾಯ ಕಾಲಿಗೆ ಇಳಿದಿದೆ. ಅದಕ್ಕಿಂತ ಹೆಚ್ಚಾಗಿ, ವಾಟ್ಸನ್‌ನ ಹೆಸರು ಜಾನ್. ‘ದ ಮ್ಯಾನ್ ವಿತ್ ದ ಟ್ವಿಸ್ಟೆಡ್ ಲಿಪ್’ ಕತೆಯಲ್ಲಿ ಸ್ವಂತ ಹೆಂಡತಿಯೇ ಅವನನ್ನು ಜೇಮ್ಸ್ ಎಂದು ಕರೆಯುತ್ತಾಳೆ! ಅಷ್ಟು ದೊಡ್ಡವರಿಗೇ ಹೀಗೆ ಆಗಿರುವಾಗ ನನ್ನದು ಯಾವ ಲೆಕ್ಕ?

‘ಹೆಸರು ಮರೆತದ್ದು ಹೆಂಡತಿ ಅಲ್ಲವಲ್ಲ, ಬರೆದ ಗಂಡಸು’ ಎಂದಳು ನನ್ನ ಹೆಂಡತಿ, ಅಡುಗೆಮನೆಯಿಂದಲೇ. ‘ನನ್ನ ಹುಟ್ಟಿದಹಬ್ಬ ಯಾವತ್ತು ಹೇಳಿ ನೋಡೋಣ.’

ಅಸ್ತ್ರವನ್ನು ಬತ್ತಳಿಕೆಗೆ ಹಾಕಿಕೊಂಡೆ.

ಮನೆಕೆಲಸಕ್ಕೆ ಬರುವಾಕೆಗೆ ಓದುವ ವ್ಯವಧಾನವಿಲ್ಲ. ಆದರೆ ನಾನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳುವಾಗ ನೆಲ ಒರೆಸುತ್ತ ಅಲ್ಲಲ್ಲಿ ಕೇಳಿಸಿಕೊಂಡಿದ್ದಾಳೆ. ಒಂದು ದಿನ ಬಟ್ಟೆ ಹಿಂಡುತ್ತ ಕೇಳಿದಳು.

‘ಸಾ, ಆಯಮ್ಮಂದು ಅಷ್ಟು ದೊಡ್ಡ ತೊಟ್ಟಿಮನೆ. ಕಸ ಮುಸುರೆ ಯಾರು ಮಾಡೋದು?’

‘ಯಾರೋ ಕೆಲಸದವರು ಇದ್ದಾರೆ ಅಂತ ಇಟ್ಕೊಳಮ್ಮ.’

‘ಇಲ್ಲ ಸಾ. ಇದ್ದಿದ್ರೆ ಪೊಲೀಸ್ನೋರು ಮೊದ್ಲು ಅವಳ್ನೇ ಎಳ್ಕೊಂಡೋಗಿ ಕೇಳ್ತಿದ್ರು. ಕೇಳ್ನಿಲ್ಲ ಅಂದ್ಮೇಕೆ ಇಲ್ಲ ಅಂತಾನೇ.’

ಇದಕ್ಕೆ ಈಗಲೂ ನನ್ನಲ್ಲಿ ಉತ್ತರವಿಲ್ಲ. 312 ಪುಟ ಬರೆದವನ ತಲೆಗೆ ಹೊಳೆಯದ ತರ್ಕ, ಒಂದು ಕೋಣೆ ಒರೆಸಿ ಮುಗಿಸುವಷ್ಟರಲ್ಲಿ ಬಂದಿತ್ತು.

ಇನ್ನು ಅಮ್ಮ. ವಯಸ್ಸು 82. ಎರಡು ಕಣ್ಣಿಗೂ ಪೊರೆ ತೆಗೆಸಿದೆ, ಸಣ್ಣ ಅಕ್ಷರ ಕಾಣದು. ಹಾಗಾಗಿ ದಿನಾ ಊಟವಾದ ಮೇಲೆ ಒಂದು ಅಧ್ಯಾಯ ಓದಿ ಹೇಳುತ್ತಿದ್ದೆ. ಅವಳು ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಬತ್ತಿ ಹೊಸೆಯುತ್ತ ಕೇಳುತ್ತಿದ್ದಳು. ಮೃಣಾಲಿನಿ ಎಂಬ ಹೆಸರು ಅವಳ ನಾಲಿಗೆಗೆ ಹೊರಳದೆ ‘ಮುರಣಾಲಿ’ ಆಗಿತ್ತು. ನಡುನಡುವೆ ಸಣ್ಣಪುಟ್ಟ ಆಕ್ಷೇಪಣೆ. ವಕೀಲನನ್ನು ಅಟ್ಟಿಸಿಕೊಂಡು ಮುರಣಾಲಿ ಬೆಟ್ಟದ ಮೆಟ್ಟಿಲು ಓಡಿ ಹತ್ತುವ ಭಾಗ ಬಂದಾಗ, ‘ಕಾಲಲ್ಲಿ ಏನಿತ್ತೋ?’ ಎಂದು ಕೇಳಿದಳು.

‘ಎತ್ತರದ ಹಿಮ್ಮಡಿ ಚಪ್ಪಲಿ ಅಂತ ಬರೆದಿದೀನಿ.’

‘ಚಾಮುಂಡಿ ಬೆಟ್ಟದ ಮೆಟ್ಟಿಲನ್ನ? ಜನ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತತಾರಲ್ಲೋ. ಅದರ ಮೇಲೆ ಚಪ್ಪಲಿ ಹಾಕ್ಕೊಂಡು ಓಡಿದಳೇ?’ ಎಂದು ತುಟಿ ಬಿಗಿ ಹಿಡಿದು ಇನ್ನೊಂದು ಬತ್ತಿಗೆ ಹತ್ತಿ ತೆಗೆದುಕೊಂಡಳು.

ಮೂರು ವಾರದ ಮೇಲೆ ಕೊನೆಯ ಒಂದು ಅಧ್ಯಾಯ ಬಾಕಿ ಇದ್ದಾಗ ನಿಲ್ಲಿಸಿ, ‘ಈಗ ಹೇಳಮ್ಮ, ಕೊಲೆ ಮಾಡಿದ್ದು ಯಾರು?’ ಎಂದೆ. ನನ್ನ ವಕೀಲನನ್ನು ಎಷ್ಟು ಚೆನ್ನಾಗಿ ಬಚ್ಚಿಟ್ಟಿದ್ದೇನೆ ಎಂದು ತೋರಿಸಿಕೊಳ್ಳುವ ಚಪಲ.

‘ಇನ್ಯಾರೋ? ಮುರಣಾಲಿ’ ಅಂದಳು ಅಮ್ಮ.

ನಾನು ನಕ್ಕೆ. ‘ಅವಳು ನಾಯಕಿ ಕಣಮ್ಮಾ. ಕೊಲೆ ಪತ್ತೆ ಮಾಡೋದೇ ಅವಳು. ಅದೂ ಅಲ್ಲದೆ ಕೊಲೆ ಆಗೋವಾಗ ಅವಳು ಅಡುಗೆಮನೇಲಿ ಕಾಫಿ ಮಾಡ್ತಿದ್ದಳು. ಕೆಳಗೆ ಹಜಾರದಲ್ಲಿ ಇನ್‌ಸ್ಪೆಕ್ಟರೇ ಕೂತಿದ್ದ.’

‘ಅವನು ಎಷ್ಟು ಹೊತ್ತಿಗೆ ಬಂದ?’

‘ಆರು ಐವತ್ತೈದಕ್ಕೆ.’

‘ಕಾಫಿ ಎಷ್ಟು ಹೊತ್ತಿಗೆ ಕೊಟ್ಟಳು?’

‘ಸರಿಯಾಗಿ ಏಳಕ್ಕೆ, ಅರಮನೆ ದೀಪ ಹತ್ತುವಾಗ.’ ಐದು ಭಾನುವಾರದ ಸ್ಟಾಪ್‌ವಾಚಿನ ಶ್ರಮ ಇದರ ಹಿಂದಿತ್ತು.

‘ಅವನು ಬಂದ ಮೇಲೆ ಫಿಲ್ಟರಿಗೆ ಪುಡಿ ಹಾಕಿದೆ, ಬಿಸಿನೀರು ಹುಯ್ದೆ, ಹೊಸಾ ಡಿಕಾಕ್ಷನ್ನಲ್ಲಿ ಕಾಫಿ ಮಾಡ್ಕೊಂಡು ಬಂದೆ ಅಂತ ಪೊಲೀಸರಿಗೆ ಹೇಳಿದಾಳೆ. ನೀನೇ ಓದಿದೆ.’

‘ಹೌದು.’

‘ಐದು ನಿಮಿಷಕ್ಕೆ ಡಿಕಾಕ್ಷನ್ ಇಳಿಯತ್ತೇನೋ?’

ನಾನು ಬಾಯಿ ತೆರೆದೆ. ಮಾತು ಬರಲಿಲ್ಲ.

ಅಮ್ಮ ಕಣ್ಣು ತೆರೆಯದೆ ಮುಂದುವರಿದಳು. ‘ಇಳಿಯಲ್ಲ. ಅಂದ್ರೆ ಡಿಕಾಕ್ಷನ್ ಮೊದಲೇ ಇಳಿಸಿಟ್ಟಿದ್ದಳು. ಮೊದಲೇ ಇಳಿಸಿಟ್ಟವಳು ಆಗ ಇಳಿಸಿದೆ ಅಂತ ಯಾಕೆ ಸುಳ್ಳು ಹೇಳ್ತಾಳೆ? ಆ ಐದು ನಿಮಿಷ ಅಡುಗೆಮನೇಲಿ ಇರಲಿಲ್ಲ, ಅದಕ್ಕೆ. ಹಿಂದಿನ ಮೆಟ್ಟಿಲು ಇದೆ ಅಂತ ಮೂರನೇ ಅಧ್ಯಾಯದಲ್ಲಿ ಅಷ್ಟು ಉದ್ದ ಬರೆದಿದೀಯಲ್ಲ, ಹತ್ತಿ ಹೋಗಿ ನಂದಿ ಎತ್ತಿ ಹಾಕಿ ಬಂದಳು. ಕರಾಟೆ ಬೇರೆ ಬರತ್ತೆ. ಇನ್ನು ಆ ಸೀರೆ. ಕೊಲೆ ಆದ ದಿನ ಉಟ್ಟಿದ್ದನ್ನೇ ಮೂರು ದಿನ ಯಾಕೆ ಉಟ್ಟಿದ್ದಳು? ಒಗೆಯಕ್ಕೆ ಹಾಕಿದ್ರೆ ಸೆರಗಲ್ಲಿ ಕಲೆ ಕಾಣತ್ತೆ. ಬೆಟ್ಟದ ಮೇಲೆ ಅವನಿಗೆ ಗಾಯ ಆಗಿದ್ದೇ ಸಮಯ ಅಂತ ಆ ಸೆರಗನ್ನೇ ಹರಿದು ಕಟ್ಟಿಬಿಟ್ಟಳು. ಹಳೇ ರಕ್ತದ ಮೇಲೆ ಹೊಸ ರಕ್ತ. ಯಾವನು ಕಂಡುಹಿಡೀತಾನೆ? ಅಷ್ಟು ಬೆಲೆ ಸೀರೆ ಹೆಂಗಸು ಸುಮ್ಮನೆ ಹರೀತಾಳೇನೋ?’

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಕೈಯಲ್ಲಿ ಸೌಟು ಹಾಗೇ ಇತ್ತು.

‘ಕೆಲಸದವಳನ್ನ ಬಿಡಿಸಿದ್ದೂ ಅದಕ್ಕೇ’ ಅಂದಳು ಅಮ್ಮ. ‘ಮನೇಲಿ ಕಣ್ಣು ಇರಬಾರದು ಅಂತ. ತಾಯಿಯಿಲ್ಲ, ಗೆಳತಿಯಿಲ್ಲ. ಮನಸ್ಸಲ್ಲಿ ಏನೋ ಇಟ್ಕೊಂಡಿರೋವಳಿಗೆ ಹಸಿವು ಎಲ್ಲಿಂದ ಬರತ್ತೆ? ತುಟಿ ಕಚ್ಚೋದೇ. ದೇವರ ಮೆಟ್ಟಿಲನ್ನ ಚಪ್ಪಲೀಲಿ ತುಳಿದಾಗಲೇ ನನಗೆ ಗೊತ್ತಾಯ್ತು. ಮೊದಲಿಂದ ಎಲ್ಲರೂ ಹೇಳ್ತಾನೇ ಇದಾರಲ್ಲೋ, ಆ ಹುಡುಗಿ ನಂಬೋ ಹಾಗಿಲ್ಲ ಅಂತ!’

ಮನೆ ಸ್ವಲ್ಪ ಹೊತ್ತು ನಿಶ್ಶಬ್ದವಾಯಿತು. ‘ಅತ್ತೆ, ಎಷ್ಟು ಚೆನ್ನಾಗಿದೆ!’ ಎಂದಳು ಹೆಂಡತಿ. ಮದುವೆಯಾದ 33 ವರ್ಷದಲ್ಲಿ ಅತ್ತೆ ಸೊಸೆ ಒಂದು ವಿಷಯಕ್ಕೆ ಹೀಗೆ ತಲೆದೂಗಿದ್ದನ್ನು ನಾನು ನೋಡಿರಲಿಲ್ಲ. ನನ್ನ ಕಾದಂಬರಿಯಿಂದ ಲೋಕಕ್ಕೆ ಆದ ಉಪಕಾರ ಅದೊಂದೇ ಇರಬೇಕು.

ನಾನು ಕೊನೆಯ ಅಧ್ಯಾಯ ಓದಿ ಹೇಳಿದೆ. ವಕೀಲ, ಸೀರೆಯ ಸಂಖ್ಯೆ, ಮಾರ್ಷ್ ಪರೀಕ್ಷೆ, ತಪ್ಪೊಪ್ಪಿಗೆ, ಮುರಣಾಲಿಯ ಕಮಲದ ಕಣ್ಣಲ್ಲಿ ಒಂದು ಹನಿ. ಅಮ್ಮ ಪೂರ್ತಿ ಕೇಳಿ, ‘ಪಾಪ, ಆ ವಕೀಲನ್ನ ಸುಮ್ಮನೆ ಸಿಕ್ಕಿಸಿಬಿಟ್ಟಳಲ್ಲೋ’ ಎಂದು ಹೊಸೆದ ಬತ್ತಿಗಳನ್ನು ಡಬ್ಬಿಗೆ ಹಾಕಿದಳು.

ತಪಾಸಣೆಯವನಾಗಿ ನಾನು ಇಷ್ಟಕ್ಕೇ ಒಪ್ಪುವ ಹಾಗಿರಲಿಲ್ಲ. ಮುಂದಿನ ವಾರ ಹೆಂಡತಿ ತಂಗಿಯ ಮನೆಗೆಂದು ಎರಡು ದಿನ ಹೋದಾಗ, ಸ್ಟಾಪ್‌ವಾಚು ಹಿಡಿದು ಅಡುಗೆಮನೆಗೆ ಕಾಲಿಟ್ಟೆ. ಫಿಲ್ಟರು ಹುಡುಕಲು ಒಂಬತ್ತು ನಿಮಿಷ. ಅದರ ಮೇಲಿನ ಪಾತ್ರೆ ಯಾವುದು, ಕೆಳಗಿನದು ಯಾವುದು ಎಂದು ತೀರ್ಮಾನಿಸಲು ನಾಲ್ಕು ನಿಮಿಷ. ಪುಡಿ ಹಾಕಿ ನೀರು ಹುಯ್ದು ಕಾದೆ. ಐದು ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿದರೆ ತಳದಲ್ಲಿ ಒಂದು ಔಷಧದ ಚಮಚೆಯಷ್ಟು ಕಪ್ಪು ನೀರು. ಒಂದು ಲೋಟಕ್ಕೆ ಸಾಕಾಗುವಷ್ಟು ಇಳಿಯಲು 27 ನಿಮಿಷ ಬೇಕಾಯಿತು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೃಣಾಲಿನಿಗೆ ಅಂದು ಸಂಜೆ 22 ನಿಮಿಷದ ಲೆಕ್ಕ ಕೊಡಲು ಸಾಧ್ಯವೇ ಇಲ್ಲ.

ಹಾಗೇ ಧೈರ್ಯ ಬಂದು ಮಧ್ಯಾಹ್ನದ ಸಾರಿಗೂ ನಾನೇ ಕೈಹಾಕಿದೆ. ಹೆಂಡತಿ ಸಾರು ಕುದಿಸಿಟ್ಟು ಹೋಗಿದ್ದಳು, ಒಗ್ಗರಣೆ ಒಂದು ಬಾಕಿ. ಎಣ್ಣೆ ಕಾಯಿಸಿ, ಡಬ್ಬದಿಂದ ಸಾಸಿವೆ ತೆಗೆದು ಹಾಕಿ, ಮೇಲೆ ಕರಿಬೇವು ಹಾಕಿ, ಸಾರಿಗೆ ಸುರಿದು, ಹೆಮ್ಮೆಯಿಂದ ಮುಚ್ಚಳ ಮುಚ್ಚಿದೆ.

ಹಜಾರದಿಂದ ಅಮ್ಮನ ದನಿ. ‘ಏನೋ, ಒಗ್ಗರಣೆಗೆ ರಾಗಿ ಹಾಕಿದೆಯಾ?’

ಅವಳು ಕೂತಿದ್ದ ಕುರ್ಚಿಯಿಂದ ಅಡುಗೆಮನೆಯ ಬಾಗಿಲು ಕೂಡ ಕಾಣುವುದಿಲ್ಲ. ಸಾರಿನಲ್ಲಿ ಸೌಟು ಆಡಿಸಿ ಎತ್ತಿ ನೋಡಿದೆ. ಗುಂಡಗೆ, ಸಣ್ಣಗೆ, ಕೆಂಪು ಕೆಂಪಾಗಿ ರಾಗಿಯೇ.

‘ಹೇಗೆ ಗೊತ್ತಾಯ್ತಮ್ಮಾ ನಿಂಗೆ?’

‘ಎಣ್ಣೆ ಕಾದ ವಾಸನೆ ಬಂತು, ಕರಿಬೇವು ಚುರ್ ಅಂತು. ಮಧ್ಯೆ ಚಟಪಟ ಅನ್ನಲೇ ಇಲ್ಲವಲ್ಲ. ಸಾಸಿವೆ ಡಬ್ಬದ ಪಕ್ಕ ಇರೋದು ರಾಗಿ ಡಬ್ಬ. ನಿಮ್ಮಪ್ಪನೂ ಒಂದು ಸಲ ಹೀಗೇ ಮಾಡಿದ್ದರು.’

ಆ ಗಳಿಗೆಯಲ್ಲಿ ನನಗೆ ಮಿಂಚು ಹೊಡೆದ ಹಾಗಾಯಿತು. ಎರಡು ವರ್ಷ ಊರೆಲ್ಲ ಹುಡುಕಿದ ಪತ್ತೇದಾರಿಣಿ ಹಜಾರದ ಕುರ್ಚಿಯಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದಾಳೆ! 82 ವರ್ಷದ ಅಜ್ಜಿ, ಮನೆ ಬಿಟ್ಟು ಕದಲುವುದಿಲ್ಲ, ಸದ್ದು ವಾಸನೆಯಲ್ಲೇ ಕೊಲೆಗಾರರನ್ನು ಹಿಡಿಯುತ್ತಾಳೆ. ಕೂಡಲೇ ಮಗಳಿಗೆ ಫೋನ್ ಮಾಡಿ ಹೊಸ ಕಾದಂಬರಿಯ ವಿಷಯ ಹೇಳಿದೆ.

‘ಅಪ್ಪಾ, ಮಿಸ್ ಮಾರ್ಪಲ್’ ಅಂದಳು.

‘ಯಾರು?’

‘ಹೆಣಿಗೆ ಹಾಕ್ತಾ ಕೂತು ಕೊಲೆ ಕಂಡುಹಿಡಿಯೋ ಅಜ್ಜಿ. ನಿನ್ನ ಅಗಾಥಾ ಕ್ರಿಸ್ಟೀನೇ ಬರೆದಿದ್ದು. 1930ರಲ್ಲೇ ಮೊದಲನೇ ಕಾದಂಬರಿ ಬಂದಿದೆ. ನೀನು ಅವಳ ವಿಷದ ಪುಸ್ತಕ ಮಾತ್ರ ಓದಿದ್ದಾ?’

ಹೌದು, ವಿಷದ್ದು ಮಾತ್ರ ಓದಿದ್ದೆ.

ಅಮ್ಮನಿಗೂ ನಾಯಕಿಯಾಗುವ ಉಮೇದು ಕಾಣಲಿಲ್ಲ. ಅವಳ ಷರತ್ತು ಮೂರು. ಕೊಲೆ ಬೇಡ, ಬೇಕಾದರೆ ಬೆಳ್ಳಿ ಚೊಂಬು ಕಳುವಾಗಲಿ. ಬೆಟ್ಟಕ್ಕೆ ಹೋಗುವುದಾದರೆ ಬಸ್ಸಿನಲ್ಲಿ. ಕಣ್ಣು ಕಮಲದ ಹಾಗಿದೆ ಎಂದು ಬರೆಯಕೂಡದು, ಪೊರೆ ತೆಗೆಸಿದೆ ಎಂದು ಬರೆಯಬೇಕು. ಆ ಕಾದಂಬರಿ ಸದ್ಯಕ್ಕೆ ನಾಲ್ಕು ಪುಟದಲ್ಲಿ ನಿಂತಿದೆ. ಅಡುಗೆಮನೆಯ ಕಪಾಟಿನಲ್ಲಿ ಮಾತ್ರ ನನ್ನ ಕೈಬರಹ ಎರಡು ಕಡೆ ಪ್ರಕಟವಾಗಿದೆ: ಒಂದು ಡಬ್ಬದ ಮೇಲೆ ‘ಸಾಸಿವೆ’, ಪಕ್ಕದ ಡಬ್ಬದ ಮೇಲೆ ‘ರಾಗಿ’.

ಮಂಚದ ಕೆಳಗಿನ 261 ಪ್ರತಿಗಳ ವಿಷಯ. ಓದುಗರಲ್ಲಿ ಯಾರಿಗಾದರೂ ಬೇಕಿದ್ದರೆ ಅಂಚೆ ವೆಚ್ಚ ನಾನೇ ಕೊಟ್ಟು ಕಳಿಸುತ್ತೇನೆ. ಊರು ನೋಡಲು ಬರುವ ನೆಂಟರಿಗೆ ಉಪಯೋಗವಾಗುತ್ತದೆ, ಮೆಟ್ಟಿಲಿನ ಲೆಕ್ಕ ಒಂದು ಬಿಟ್ಟು ಉಳಿದದ್ದೆಲ್ಲ ಸರಿಯಾಗಿದೆ. ದಯವಿಟ್ಟು ಕೊನೆಯ ಅಧ್ಯಾಯ ಮಾತ್ರ ಓದಬೇಡಿ. ವಕೀಲ ನಿರಪರಾಧಿ.